ನಮ್ಮ ಅರ್ಧ ಆಡು

ನಮ್ಮ ಮನೆಯವರು ತೀರಿಕೊಂಡಾಗ ಬಿಟ್ಟುಹೋದದ್ದರಲ್ಲಿ ಅರ್ಧ ಆಡೂ ಒಂದು. ಇನ್ನರ್ಧ ಅವರ ತಂಗಿಯದು, ಅಂದರೆ ಖಾನಾಪುರದಲ್ಲಿರುವ ನನ್ನ ನಾದಿನಿಯದು. ಅಣ್ಣ ತಂಗಿ ಕೂಡಿ ಒಂದು ಹೆಣ್ಣಾಡು ಕೊಂಡಿದ್ದರು. ಅದು ಇದ್ದದ್ದು ನಾದಿನಿಯ ಹಿತ್ತಲಲ್ಲಿ. ನಮ್ಮ ಅರ್ಧವೂ ಅಲ್ಲೇ ಇತ್ತು. ಬೇರೆ ಕಡೆ ಇರಲು ಅದಕ್ಕೆ ಅನುಕೂಲವಿರಲಿಲ್ಲ.

ಅವರದು ಕುರಿ ಕಾಯುವ ಮನೆತನ. ಅಂಥ ಮನೆಗಳಲ್ಲಿ ಇಬ್ಬರು ಸೇರಿ ಒಂದು ಜೀವ ಸಾಕುವುದು ಹೊಸದಲ್ಲ. ಎರಡು ಮರಿ ಹುಟ್ಟಿದರೆ ಒಬ್ಬೊಬ್ಬರಿಗೆ ಒಂದು. ಒಂದೇ ಹುಟ್ಟಿದರೂ ಜಗಳವಿಲ್ಲ, ಮುಂದಿನ ಸಲ ಹುಟ್ಟುವವರೆಗೆ ಅದು ಇಬ್ಬರದೂ ಆಗಿರುತ್ತದೆ. ಕಾಯುವುದೂ ಅವರ ಲೆಕ್ಕದ ಒಂದು ಭಾಗ. ನಮ್ಮ ಮನೆಯವರು ಬೆಳಗಾವಿಯ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ನಿವೃತ್ತರಾದರು, ಆದರೆ ಅವರ ತಲೆಯೊಳಗೆ ಯಾವಾಗಲೂ ಒಂದು ಹಿಂಡು ಮೇಯುತ್ತಿತ್ತು.

ನಾವಿರುವುದು ಶಿವಬಸವ ನಗರದಲ್ಲಿ, ಮಗಳು ಅಳಿಯನ ಜೊತೆ. ಮೊಮ್ಮಗಳು ನಾಲ್ಕನೇ ಇಯತ್ತೆ, ಮೊಮ್ಮಗ ಆಗ ಇನ್ನೂ ಸಾಲಿಯ ಮೆಟ್ಟಿಲು ಹತ್ತುವ ತಯಾರಿಯಲ್ಲಿದ್ದ. ಅವರಿಬ್ಬರಿಗೂ ಲೆಕ್ಕ ಹೇಳಿಕೊಡುವುದು ಅಜ್ಜನ ಕೆಲಸ. ಸಂಜೆ ಮನೆ ಮುಂದಿನ ಮೆಟ್ಟಿಲ ಮೇಲೆ ಕುಳಿತು ಹೇಳಿಕೊಡುತ್ತಿದ್ದರು. ಪುಸ್ತಕ ಮುಟ್ಟುತ್ತಿರಲಿಲ್ಲ. ಅರ್ಧ ಎಂದರೇನು ಎಂದು ಮೊಮ್ಮಗಳು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ.

"ಇಬ್ಬರಿಗೂ ಸಿಟ್ಟ ಬರದಂಗ ಹಂಚಿದರ ಅದು ಅರ್ಧ. ನಾಲ್ಕ ಮಂದಿಗೆ ಸಿಟ್ಟ ಬರದಂಗ ಹಂಚಿದರ ಅದು ಪಾವ."

ಮೊಮ್ಮಗನಿಗೆ ಹೇಗೆ ಹಂಚಿದರೂ ಸಿಟ್ಟು ಬರುತ್ತಿತ್ತು. ಹಾಗಾಗಿ ಅವನಿಗೆ ಅರ್ಧ ಎಂಬುದು ಒಂದು ಸಲವೂ ಸಿಕ್ಕಿರಲಿಲ್ಲ.

ನಮ್ಮ ಮನೆಯವರು ಆಗಾಗ ರವಿವಾರ ಖಾನಾಪುರಕ್ಕೆ, ಮಕ್ಕಳು ನನ್ನಂತೆಯೇ ಆಯಿ ಎಂದು ಕರೆಯುವ ಆ ಇನ್ನೊಬ್ಬ ಅಜ್ಜಿಯ ಮನೆಗೆ, ಹೋಗುತ್ತಿದ್ದರು. ವಾರವಿಡೀ ಮನೆಯಲ್ಲಿ ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಒಂದು ಚೀಲದಲ್ಲಿ ಕೂಡಿಟ್ಟು ಆಡಿಗೆ ಒಯ್ಯುತ್ತಿದ್ದರು. ಸಿಪ್ಪೆ ಕಡಿಮೆಯಾದರೆ ನಮಗೆಲ್ಲ ಹೆಚ್ಚು ಬಾಳೆಹಣ್ಣು ತಿನ್ನಿಸುತ್ತಿದ್ದರು. ಮರಳಿ ಬಂದು ಮಕ್ಕಳಿಗೆ ವರದಿ ಕೊಡುತ್ತಿದ್ದರು: ನಮ್ಮ ಅರ್ಧ ಚೆನ್ನಾಗಿದೆ, ನಿಮ್ಮ ಖಾನಾಪುರ ಆಯಿಯ ಅರ್ಧಕ್ಕೆ ಸ್ವಲ್ಪ ಕೆಮ್ಮು. ಮಕ್ಕಳು ಆ ಅರ್ಧಕ್ಕಾಗಿ ನಿಜವಾಗಿ ಮರುಗುತ್ತಿದ್ದರು.

ಆಡು ಒಂದು ಮರಿ ಹಾಕಿತು. ಅದೂ ಹೆಣ್ಣು. ಪದ್ಧತಿಯಂತೆ ಅದೂ ಅರ್ಧ ನಮ್ಮದು, ಅರ್ಧ ಅವರದು ಎಂದಾಯಿತು. ಆ ಮಳೆಗಾಲದಲ್ಲೇ, ಶ್ರಾವಣದ ಒಂದು ಬೆಳಿಗ್ಗೆ, ನಮ್ಮ ಮನೆಯವರು ಚಹಾ ಕುಡಿದು ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿದರು. ಅಷ್ಟೇ. ನಾನು ಒಳಗೆ ಅವರಿಗೆ ಎರಡನೇ ರೊಟ್ಟಿ ಬಡಿಯುತ್ತಿದ್ದೆ.

ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆಡಿನ ಬಗ್ಗೆ ಬರೆಯುತ್ತೇನೆ.

ಚಳಿಗಾಲ ಶುರುವಾದಾಗ ಮೊಮ್ಮಗಳ ಟೀಚರು ಮನೆಯವರನ್ನು ಕರೆಸಿದರು. ಮಗಳಿಗೂ ಅಳಿಯನಿಗೂ ಆಫೀಸಿತ್ತು, ನಾನು ಹೋದೆ. ಟೀಚರು ಚಿಕ್ಕ ವಯಸ್ಸಿನವರು, ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. ಒಂದು ಪರೀಕ್ಷೆಯ ಹಾಳೆ ತೋರಿಸಿದರು. ಮೂರು ಸೇಬುಹಣ್ಣನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು ಎಂಬುದು ಪ್ರಶ್ನೆ. ನಮ್ಮ ಹುಡುಗಿ, ಒಬ್ಬೊಬ್ಬರಿಗೆ ಒಂದು, ಮೂರನೆಯದು ಸದ್ಯ ಇಬ್ಬರದೂ, ಮುಂದಿನ ಸಲ ನೋಡೋಣ ಎಂದು ಬರೆದಿದ್ದಳು. ಕೆಂಪು ಗೀಟು ಬಿದ್ದಿತ್ತು.

ಮುಂದಿನ ಸಲ ಎಂದರೆ ಯಾವಾಗ ಎಂದು ಟೀಚರು ನನ್ನನ್ನು ಕೇಳಿದರು. ನಾನು ಯೋಚಿಸದೆ, ಮತ್ತೆ ಮರಿ ಹಾಕಿದಾಗ ಎಂದುಬಿಟ್ಟೆ.

"ಸೇಬುಹಣ್ಣು ಮರಿ ಹಾಕ್ತಾವೇನ್ರೀ?" ಎಂದರು ಅವರು.

ಆಮೇಲೆ ಆಡಿನ ವಿಷಯ ಬಿಡಿಸಿ ಹೇಳಿದೆ. ಇದನ್ನೆಲ್ಲ ಹೇಳಿಕೊಟ್ಟ ಅಜ್ಜ ಈಗ ಇಲ್ಲ ಎಂದೂ ಹೇಳಿದೆ. ಟೀಚರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಭಿನ್ನರಾಶಿ ಈಗ ಗಟ್ಟಿಯಾಗದಿದ್ದರೆ ಮುಂದೆ ಕಷ್ಟ, ಮನೆಯಲ್ಲಿ ಯಾರಾದರೂ ದಿನಾ ಕೂತು ರೂಢಿ ಮಾಡಿಸಿ ಎಂದರು. ಬಾಗಿಲವರೆಗೆ ಬಂದು, ಮುಂದಿನ ಮರಿ ಯಾವಾಗ ಎಂದು ಮೆಲ್ಲಗೆ ಕೇಳಿದರು.

ಹೀಗೆ ಮೆಟ್ಟಿಲ ಮೇಲಿನ ಜಾಗಕ್ಕೆ ನಾನು ಬಂದೆ. ನಾನು ಕಲಿತದ್ದು ಏಳನೆಯವರೆಗೆ. ಪಾವ, ಅರ್ಧ, ದೀಡ, ಅಡೀಚ ಎಲ್ಲವೂ ಕಾಯಿಪಲ್ಯೆಯ ಪೇಟೆಯಲ್ಲಿ ಬಾಯಿಗೆ ಬರುತ್ತಿದ್ದವು. ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ ಎಂಬುದು ನನಗೆ ಗೊತ್ತು, ಬದನೆಕಾಯಿಗೂ ಗೊತ್ತು. ಆದರೆ ಮೊಮ್ಮಗಳು ಒಂದೂವರೆಯನ್ನು ಪುಸ್ತಕದ ರೀತಿಯಲ್ಲಿ ಬರೆದು ತೋರಿಸಿದಾಗ ಒಂದರ ಪಕ್ಕ ಇನ್ನೊಂದು ಒಂದು, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಕಂಡವು. ನಾನು ಅದನ್ನು ಹನ್ನೊಂದು ಎಂದು ಓದಿದೆ. ಆ ದಿನ ಪಾಠ ಅವಳೇ ಮಾಡಿದಳು.

ಮರುದಿನ ಹಳೆಯ ಪತ್ರಿಕೆಯಲ್ಲಿ ಒಂದು ಆಡು ಕತ್ತರಿಸಿದೆ. ಸಮ ಭಾಗ ಎಂದರೇನು ಎಂದು ಮಡಚಿ ತೋರಿಸುವುದು ನನ್ನ ಉಪಾಯ. ಮೂತಿಯನ್ನು ಬಾಲಕ್ಕೆ ತಂದು ಮಡಚಿದೆ. ಹೊಂದಲಿಲ್ಲ. ಕೊಂಬು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ ಹೊರಗೆ ಬಂತು. ಮೊಮ್ಮಗಳು ತಾನೇ ಇನ್ನೊಂದು ಆಡು ಕತ್ತರಿಸಿದಳು, ಮೇಲಿನಿಂದ ನೋಡಿದಂತೆ. ಅದನ್ನು ಬೆನ್ನಿನ ಗುಂಟ ಮಡಚಿದಾಗ ಕಿವಿಯ ಮೇಲೆ ಕಿವಿ, ಕೊಂಬಿನ ಮೇಲೆ ಕೊಂಬು ಬಂದು ಕೂತವು. ಎಡಗಡೆಯದು ನಮ್ಮ ಅರ್ಧ, ಬಲಗಡೆಯದು ಖಾನಾಪುರ ಆಯಿಯದು ಎಂದು ತೀರ್ಮಾನವಾಯಿತು. ಕಾಲು ಎರಡೆರಡು, ಕಣ್ಣು ಒಂದೊಂದು. ಬಾಲ ಮಾತ್ರ ಸರಿಯಾಗಿ ಗೆರೆಯ ಮೇಲೆ ಇತ್ತು.

ಮೊಮ್ಮಗ ಬಾಲ ತನಗೆ ಬೇಕೆಂದ. ಬಾಲ ಸೇರಿದ್ದೇ ದೊಡ್ಡ ಅರ್ಧ, ದೊಡ್ಡ ಅರ್ಧ ತನ್ನದು ಎಂದ. ಅರ್ಧದಲ್ಲಿ ದೊಡ್ಡದು ಸಣ್ಣದು ಇರುವುದಿಲ್ಲ ಎಂದು ಅವನಿಗೆ ಬಿಸ್ಕತ್ತು, ಚಪಾತಿ, ಪೇರಲಹಣ್ಣು ಎಲ್ಲದರಲ್ಲೂ ತೋರಿಸಿದೆ. ಎಲ್ಲವನ್ನೂ ತಿಂದ. ಕೊನೆಗೆ, ಇರುವುದಿಲ್ಲವಾದರೆ ಅಕ್ಕ ಯಾವಾಗಲೂ ಅದನ್ನೇ ಹೇಗೆ ತೆಗೆದುಕೊಳ್ಳುತ್ತಾಳೆ ಎಂದು ಕೇಳಿದ.

ಸಂಕ್ರಾಂತಿ ಮುಗಿದ ಮೇಲೆ ನಾದಿನಿಯ ಫೋನು ಬಂತು. ಅವಳು ಫೋನಿನಲ್ಲಿ ಮಾತಾಡಿದರೆ ಖಾನಾಪುರದಿಂದ ನೇರವಾಗಿಯೇ ಕೇಳಿಸಬಹುದೇನೋ ಅನ್ನಿಸುತ್ತದೆ. ಆ ದಿನ ದನಿ ಸಣ್ಣದಿತ್ತು.

"ವೈನಿ, ಆಡಿನ ಹೊಟ್ಟಿ ದೊಡ್ಡದಾಗೇತಿ. ಅದು ಮರಿ ಹಾಕೂದರೊಳಗ ಬಂದು ಪಾಲು ಮುರದ ಬಿಡ್ರಿ. ಹಿರಿಯಾರು ಹಂಗ ಮಾಡ್ಕೋತ ಬಂದಾರ."

ಅವರ ಮನೆತನದಲ್ಲಿ ಪಾಲುದಾರರಲ್ಲಿ ಒಬ್ಬರು ಹೋದರೆ ವರ್ಷ ತುಂಬುವುದರೊಳಗೆ ಪಾಲು ಮುರಿಯುತ್ತಾರೆ. ಅವರವರದು ಅವರವರಿಗೆ. ಹೊಸ ಮರಿಗಳು ಹುಟ್ಟಿದರೆ ಲೆಕ್ಕ ಇನ್ನಷ್ಟು ಗೋಜಲಾಗುತ್ತದೆ ಎಂಬುದೂ ನಿಜ. ನಾನು ಆಯಿತು ಎಂದೆ.

ಆದರೆ ಫೋನಿಟ್ಟ ಮೇಲೆ ನನ್ನ ಎದೆಯಲ್ಲಿ ಒಂದು ಹೆದರಿಕೆ ಕೂತಿತು. ಅವರು ಹೋದ ಮೇಲೆ ನಾನೂ ನಾದಿನಿಯೂ ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದೆವು, ಆಡಿನ ಬಗ್ಗೆ ಮಾತ್ರ. ನಮ್ಮ ಅರ್ಧ ಉಂಡಿತೇ ಎಂದು ನಾನು ಕೇಳುತ್ತಿದ್ದೆ. ಉಂಡಿತು, ಮಲಗಿತು ಎಂದು ಅವಳು ಹೇಳುತ್ತಿದ್ದಳು. ನೀನು ಉಂಡೆಯಾ, ನಿನಗೆ ಹೇಗಿದೆ ಎಂದು ನೇರವಾಗಿ ಕೇಳಲು ನಮಗಿಬ್ಬರಿಗೂ ಬರುವುದಿಲ್ಲ. ಕೇಳಿದರೆ ಅಳು ಬರುತ್ತದೆ. ಆಡು ಹಾಗಲ್ಲ, ಅದರ ಊಟದ ವಿಷಯ ಎಷ್ಟು ಬೇಕಾದರೂ ಮಾತಾಡಬಹುದು. ಪಾಲು ಮುರಿದರೆ ನಾನು ಯಾವ ನೆಪದಲ್ಲಿ ಫೋನು ಮಾಡಲಿ? ಅವರ ಕಡೆಯವರು ಎಂದು ನನಗೆ ಉಳಿದಿದ್ದವಳು ಅವಳೊಬ್ಬಳೇ.

ರವಿವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದೆ. ಬಾಳೆಹಣ್ಣಿನ ಸಿಪ್ಪೆಯ ಚೀಲವೂ ಇತ್ತು. ನಾದಿನಿ ಬಾಗಿಲಲ್ಲೇ ನಿಂತು, ಬಸ್ಸು ತಡವೋ ನೀವು ತಡವೋ ಎಂದು ಬೈದು, ಮೊಮ್ಮಗನ ಕೆನ್ನೆ ಹಿಂಡಿ, ಚಹಾ ಕೊಟ್ಟಳು. ಹಿತ್ತಲಿಗೆ ಹೋದಾಗ ಆಡು ನೇರವಾಗಿ ಚೀಲಕ್ಕೆ ಮೂತಿ ಹಾಕಿತು. ಎಲ್ಲ ತಿಂದಿತು. ತಿಂದು ತಲೆಯೆತ್ತಿ ನಮ್ಮ ಬೆನ್ನ ಹಿಂದಿದ್ದ ಬಾಗಿಲ ಕಡೆ ನೋಡುತ್ತ ನಿಂತಿತು. ನಾನು ನಾದಿನಿಯ ಮುಖ ನೋಡಲಿಲ್ಲ. ಅವಳೂ ನನ್ನ ಮುಖ ನೋಡಲಿಲ್ಲ.

"ಅಜ್ಜನ್ನ ನೋಡಾಕತ್ತೇತೇನು?" ಎಂದು ಮೊಮ್ಮಗ ಕೇಳಿದ.

"ಇನ್ನೊಂದ ಚೀಲ ಬರ್ತೇತೇನಂತ ನೋಡಾಕತ್ತೇತಿ. ಹೊಟ್ಟಿಬಾಕ ಅದು," ಎಂದಳು ನಾದಿನಿ, ಸೆರಗಿನಿಂದ ಮೂಗು ಒರೆಸಿಕೊಂಡು.

ಪಾಲು ಮುರಿಯುವುದು ಬಹಳ ಸುಲಭವಾಯಿತು, ಅದೇ ದುಃಖ. ಇದ್ದದ್ದು ಎರಡು ಜೀವ, ತಾಯಿ ಮತ್ತು ಬೆಳೆದ ಮರಿ. ಎರಡರಲ್ಲೂ ನಮಗೆ ಅರ್ಧರ್ಧ. ಮೊಮ್ಮಗಳು ನೆಲದ ಮೇಲೆ ಕಡ್ಡಿಯಿಂದ ಬರೆದು ಅರ್ಧಕ್ಕೆ ಅರ್ಧ ಕೂಡಿಸಿದರೆ ಒಂದು ಎಂದಳು. ಸರಿಯಾಗಿಯೇ ಬರೆದಿದ್ದಳು. ಪೂರ್ತಿ ಒಂದು ನಮಗೆ, ಪೂರ್ತಿ ಒಂದು ಅವರಿಗೆ. ನಾದಿನಿ ತಾಯಿಯನ್ನೇ ಒಯ್ಯಿರಿ ಎಂದಳು, ನಾನು ಬೇಡ ಎಂದೆ. ಶಿವಬಸವ ನಗರದಲ್ಲಿ ಬಸುರಿ ಆಡನ್ನು ಎಲ್ಲಿ ಮಲಗಿಸಲಿ? ಹೀಗಾಗಿ ಮರಿ ನಮ್ಮದಾಯಿತು. ಕೊರಳ ಹಗ್ಗವನ್ನು ನಾದಿನಿಯೇ ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಕಂಡಕ್ಟರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಾನು ಹೆಂಗಸು, ನನಗೆ ಉಚಿತ. ಮೊಮ್ಮಗಳಿಗೂ ಉಚಿತ. ಮೊಮ್ಮಗ ಸಣ್ಣವನು, ಅವನಿಗೆ ಟಿಕೆಟ್ಟೇ ಇಲ್ಲ. ಆಡಿಗೆ ಅರ್ಧ ಟಿಕೆಟ್ ತೆಗೆದುಕೊಳ್ಳಬೇಕು ಎಂದರು. ಮೊಮ್ಮಗಳು ಎದ್ದು ನಿಂತಳು.

"ಹೆಣ್ಣಮಕ್ಕಳಿಗೆ ಪುಗಸಟ್ಟಿ ಐತೆಲ್ರಿ? ಇದೂ ಹೆಣ್ಣ ಐತ್ರಿ."

"ಹೌದವಾ? ಹಂಗಾರ ಆಧಾರ್ ಕಾರ್ಡ್ ತೋರ್ಸಂತ ಹೇಳು," ಎಂದರು ಕಂಡಕ್ಟರು.

ಬಸ್ಸು ನಕ್ಕಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಮರಾಠಿಯಲ್ಲಿ ಆಡಿನ ವಯಸ್ಸು ಕೇಳಿ, ತಮ್ಮ ಚೀಲದಿಂದ ಕೊತ್ತಂಬರಿ ತೆಗೆದು ಅದರ ಬಾಯಿಗಿಟ್ಟರು. ಬೆಳಗಾವಿ ತಲುಪುವಾಗ ಅವರ ಕೊತ್ತಂಬರಿ ಮುಗಿದಿತ್ತು. ನಮ್ಮ ಗುಂಪಿನಲ್ಲಿ ಟಿಕೆಟ್ ತೆಗೆದುಕೊಂಡು ಮರ್ಯಾದೆಯಿಂದ ಬಂದದ್ದು ಆಡು ಮಾತ್ರ.

ಮನೆಯಲ್ಲಿ ಅದರ ಮರ್ಯಾದೆ ಬಹಳ ಹೊತ್ತು ಉಳಿಯಲಿಲ್ಲ. ಪಕ್ಕದ ಮನೆಯವರು ಪೂಜೆ ಮಾಡಿ ಸ್ಕೂಟರಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ತಿಂದಿತು. ನಾನು ಪಾಠಕ್ಕೆ ಕತ್ತರಿಸಿಟ್ಟ ಕಾಗದದ ಆಡುಗಳನ್ನು ತಿಂದಿತು, ಎಡ ಬಲ ನೋಡದೆ. ಅಳಿಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಹೊಸ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಬಾಯಿ ಹಾಕಿತು. ಅಳಿಯ, ಫೆಬ್ರವರಿ ಪೂರ್ತಿ ಹೋಯಿತು ಎಂದು ಕೂಗಿದ. ಮೊಮ್ಮಗಳು ಹಾಳೆಯನ್ನು ಬೆಳಕಿಗೆ ಹಿಡಿದು, ನಾಲ್ಕು ವಾರದಲ್ಲಿ ಮೂರು ವಾರ ಹೋಗಿವೆ, ಅದು ಪೂರ್ತಿ ಅಲ್ಲ, ಮುಕ್ಕಾಲು ಎಂದಳು. ನಾನು ಹೇಳಿಕೊಡದೆಯೇ ಅವಳಿಗೆ ಬಂದ ಮೊದಲ ಮುಕ್ಕಾಲು ಅದು. ಅಳಿಯನಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ಕಷ್ಟವೆಂದರೆ ಅದು ಕೂಗುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಟಿನ ಕಡೆ ಮುಖ ಮಾಡಿ ಕೂಗುತ್ತಿತ್ತು. ಫೋನಿನ ಹೊತ್ತಾದರೂ ನಾನು ಫೋನು ಮಾಡಲಿಲ್ಲ. ಕೇಳಲು ಏನೂ ಇರಲಿಲ್ಲ, ನಮ್ಮದು ನಮ್ಮ ಮುಂದೆಯೇ ನಿಂತಿತ್ತು. ಖಾನಾಪುರದಿಂದಲೂ ಫೋನು ಬರಲಿಲ್ಲ.

ಹೀಗೆ ಎರಡು ಮೂರು ದಿನ ಕಳೆದ ಮೇಲೆ ಮೊಮ್ಮಗಳು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು. ಪಾಟಿ ಇರಲಿಲ್ಲ, ಪುಸ್ತಕ ಇರಲಿಲ್ಲ.

"ಆಯಿ, ಮೊದ್ಲೂ ನಮ್ಮದು ಒಂದ ಇತ್ತು, ಈಗೂ ಒಂದ ಐತಿ. ಆದ್ರ ಮೊದ್ಲಿನ ಒಂದರಾಗ ತಾಯಿ ಮರಿ ಇಬ್ಬರಿದ್ರು," ಎಂದಳು.

ಲೆಕ್ಕ ಸರಿಯಾಗಿದೆಯಲ್ಲ ಎಂದೆ. ಅವಳು ಬೆರಳು ಮಡಚಿ ಎಣಿಸಿದಳು: ಮರಿಗೆ ಸಿಟ್ಟು ಬಂದಿದೆ, ಅದರ ತಾಯಿಗೆ ಸಿಟ್ಟು ಬಂದಿರಬೇಕು, ಅಪ್ಪನಿಗೆ ಬಂದಿದೆ, ಸ್ಕೂಟರಿನವರಿಗೆ ಬಂದಿದೆ.

"ಎಲ್ಲಾರಿಗೂ ಸಿಟ್ಟ ಬಂದ್ರ ಹಂಚಿದ್ದು ತಪ್ಪ ಐತಿ. ಅಜ್ಜ ಹೇಳಿದ್ನೆಲ್ಲ?"

ಮೊಮ್ಮಗ ತನಗೂ ಸಿಟ್ಟು ಬಂದಿದೆ ಎಂದು ಒಳಗಿನಿಂದ ಕೂಗಿದ. ಯಾಕೆ ಎಂದು ಯಾರೂ ಕೇಳಲಿಲ್ಲ.

ನಾನು ಫೋನು ತೆಗೆದುಕೊಂಡೆ. ಒಂದೇ ರಿಂಗಿಗೆ ನಾದಿನಿ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಮಾತು ಶುರುಮಾಡಿದಳು. ಆಡು ನೀರು ಮಾತ್ರ ಕುಡಿಯುತ್ತಿದೆಯಂತೆ, ಬಾಗಿಲಿಗೆ ಮುಖ ಮಾಡಿ ಕೂತಿದೆಯಂತೆ, ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡು ಹಟ ಮಾಡುವ ಇಂಥ ಹೆಂಗಸನ್ನು ತಾನು ನೋಡಿಲ್ಲವಂತೆ. ಆಮೇಲೆ, ತನಗೆ ಪಾಲು ಮುರಿಯುವ ಮನಸ್ಸೇ ಇರಲಿಲ್ಲ ಎಂದಳು. ಅಣ್ಣ ಹೋದ ಮೇಲೆ ಅಣ್ಣನ ಅರ್ಧ ನುಂಗಿದಳು ಎಂದು ವೈನಿಗೆ ಅನ್ನಿಸಬಾರದು ಎಂದು ಫೋನು ಮಾಡಿದ್ದಳಂತೆ. ನಾನು ಹೋದದ್ದು, ಅವಳು ಕರೆದಾಗ ಇಲ್ಲ ಎನ್ನಬಾರದು ಎಂದು. ಇಬ್ಬರೂ ಮರ್ಯಾದೆ ಮಾಡಲು ಹೋಗಿ ಆಡುಗಳನ್ನು ಅಗಲಿಸಿದ್ದೆವು.

"ಹಂಗಾರ ಎರಡೂ ಅರ್ಧರ್ಧನ ಇರ್ಲಿ," ಎಂದೆ.

"ಇರ್ಲಿ ವೈನಿ. ಅಣ್ಣನ ಅರ್ಧ ಅಣ್ಣಂದ ಇರ್ಲಿ. ನೀವು ನೋಡ್ಕೊಳ್ರಿ," ಎಂದಳು.

ಮುಂದಿನ ರವಿವಾರ ಮರಿಯೊಡನೆ ಮತ್ತೆ ಬಸ್ಸು ಹತ್ತಿದೆವು. ಅದೇ ಕಂಡಕ್ಟರು. ಈ ಪ್ಯಾಸೆಂಜರಿಗೆ ಬೆಳಗಾವಿ ಹಿಡಿಸಲಿಲ್ಲವೇ ಎಂದು ಕೇಳಿ ಟಿಕೆಟ್ ಮಶೀನು ತೆಗೆದರು. ಮೊಮ್ಮಗಳು ಈ ಸಲ ತಯಾರಾಗಿ ಬಂದಿದ್ದಳು. ಆಡಿಗೆ ಅರ್ಧ ಟಿಕೆಟ್, ಆಡಿನಲ್ಲಿ ನಮ್ಮದು ಅರ್ಧ, ಅರ್ಧದ ಅರ್ಧ ಅಂದರೆ ಪಾವ, ಹಾಗಾಗಿ ಪಾವ ಟಿಕೆಟ್ ಸಾಕು ಎಂದು ವಾದಿಸಿದಳು. ಕಂಡಕ್ಟರು ಮಶೀನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಲೆಕ್ಕ ಬರೋಬ್ಬರಿ ಐತವಾ. ಇನ್ನ ಪಾವ ಯಾರ ಕೊಡ್ತಾರ?"

"ಖಾನಾಪುರ ಆಯಿ ಕೊಡ್ತಾಳ್ರಿ."

"ಆಕಿ ಹೆಣ್ಣಮಗಳು. ಆಕೀಗೆ ಪುಗಸಟ್ಟಿ," ಎಂದು ಹೇಳಿ ಕಂಡಕ್ಟರು ಅರ್ಧ ಟಿಕೆಟ್ಟನ್ನೇ ಹರಿದುಕೊಟ್ಟರು. ದಾರಿಯುದ್ದಕ್ಕೂ ಅವಳು ಆ ಉತ್ತರದಲ್ಲಿ ತಪ್ಪು ಹುಡುಕುತ್ತ ಕೂತಿದ್ದಳು.

ಹಿತ್ತಲಿಗೆ ಬಿಟ್ಟ ಕೂಡಲೇ ಮರಿ ಓಡಿಹೋಗಿ ತಾಯಿಯ ಹೊಟ್ಟೆಗೆ ಗುದ್ದಿತು. ತಾಯಿ ಅದನ್ನು ಮೂಸಿ, ಒಂದು ಸಲ ಒದ್ದು, ಆಮೇಲೆ ನೆಕ್ಕಿತು. ನಾದಿನಿ ನನ್ನನ್ನು ನೋಡಿ, ಇಷ್ಟು ಬಡಕಲಾಗಿದ್ದೀರಿ, ಆಡಿಗೆ ಹಾಕಿದ್ದನ್ನು ನೀವೂ ಒಂದಿಷ್ಟು ತಿನ್ನಬಾರದಿತ್ತೇ ಎಂದು ಬೈದಳು.

ಫೆಬ್ರವರಿಯ ಕೊನೆಯಲ್ಲಿ, ನಮ್ಮ ಕ್ಯಾಲೆಂಡರಿನಲ್ಲಿ ಉಳಿದಿದ್ದ ಆ ಪಾವ ಭಾಗದಲ್ಲಿ, ಆಡು ಮರಿ ಹಾಕಿತು. ಮೂರು. ನಾದಿನಿ ಬೆಳಿಗ್ಗೆಯೇ ಫೋನು ಮಾಡಿ, ನಾವು ಯಾರೂ ಮಾತಾಡದಂತೆ ಐದು ನಿಮಿಷ ಅವುಗಳ ಕೂಗನ್ನೇ ಕೇಳಿಸಿದಳು.

ಆ ದಿನ ಮೊಮ್ಮಗಳನ್ನು ಸಾಲಿಗೆ ಬಿಡಲು ನಾನೇ ಹೋದೆ. ಟೀಚರು ಗೇಟಿನಲ್ಲಿದ್ದರು. ಮರಿ ಎಷ್ಟು ಎಂದು ಕೇಳಿದರು. ಮೂರು ಎಂದಳು ಇವಳು. ಇಬ್ಬರ ಪಾಲು, ಒಬ್ಬರಿಗೆ ಎಷ್ಟು ಎಂದು ಕೇಳಿದರು. ಹುಡುಗಿ ತಡಮಾಡಲಿಲ್ಲ.

"ಒಂದೂವರೆ ರೀ. ಆದ್ರ ಯಾವುದನ್ನೂ ಕೊಯ್ಯಂಗಿಲ್ಲ."

ಟೀಚರು ಕೈಯಲ್ಲಿದ್ದ ಕೆಂಪು ಪೆನ್ನಿನಿಂದ ಗಾಳಿಯಲ್ಲೇ ಸರಿ ಎಂದು ಗುರುತು ಹಾಕಿದರು.

ಸಂಜೆ ಮೆಟ್ಟಿಲ ಮೇಲೆ ಅವಳು ಒಟ್ಟು ಲೆಕ್ಕ ಮಾಡಿದಳು. ತಾಯಿಯಲ್ಲಿ ಅರ್ಧ, ದೊಡ್ಡ ಮರಿಯಲ್ಲಿ ಅರ್ಧ, ಹೊಸ ಮರಿಗಳಲ್ಲಿ ಒಂದೂವರೆ. ಎರಡು ಬರೆದು ಪಕ್ಕದಲ್ಲಿ ಒಂದು, ಗೆರೆ, ಕೆಳಗೆ ಇನ್ನೊಂದು ಎರಡು ಬರೆದು ನನ್ನ ಮುಂದೆ ಹಿಡಿದಳು. ನಾನು ಈ ಸಲ ಸರಿಯಾಗಿ ಓದಿದೆ. ಅಡೀಚ. ಅವರು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು, ನಮ್ಮದು ಈಗ ಅಡೀಚ ಆಡು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು.

ಕತ್ತಲಾಗುವ ಮೊದಲು ಎಂದಿನಂತೆ ಫೋನು ಮಾಡಿದೆ. ನಮ್ಮ ಪಾಲಿನವು ಉಂಡವೇ ಎಂದು ಕೇಳಿದೆ. ಉಂಡವು, ನನ್ನವೂ ಉಂಡವು ಎಂದಳು ನಾದಿನಿ. ಹಿಂದೆ ಮರಿಗಳು ಕೂಗುತ್ತಿದ್ದವು. ಅವಳು ಫೋನಿಡಲಿಲ್ಲ. ನಾನೂ ಇಡಲಿಲ್ಲ.

"ವೈನಿ, ನೀವು ಉಂಡ್ರಿ?" ಎಂದಳು.

ಇನ್ನೂ ಇಲ್ಲ, ಈಗ ಉಣ್ಣುತ್ತೇನೆ ಎಂದೆ. ಅಷ್ಟರಲ್ಲಿ ಮೊಮ್ಮಗ ಫೋನು ಕಸಿದುಕೊಂಡು, ಮೂರನೇ ಮರಿಯ ದೊಡ್ಡ ಅರ್ಧ ತನಗೆ ತೆಗೆದಿಡಬೇಕು, ಬಾಲ ಇರುವುದು ಎಂದು ಖಾನಾಪುರ ಆಯಿಗೆ ಹೇಳುತ್ತಿದ್ದ.